ಪೆಟ್ಟಿಗೆಯಿಂದ ಹೊರಬಂದ ಬಫಲೋ ಬಿಲ್

ವಿಂಚೆಸ್ಟರ್ ಕಂಪನಿ ತನ್ನ 94ನೇ ಮಾದರಿಯ ಲಿವರ್ ರೈಫಲ್‌ಗೆ (ಟ್ರಿಗರ್ ಬಳಿಯ ಹಿಡಿಯನ್ನು ಎಳೆದು ಮುಂದಿನ ತೋಟಾ ಏರಿಸುವ ಕೋವಿ) ಅಲಂಕಾರ ಮಾಡಿ, ಯಾವುದೋ ರಾಜ್ಯದ ಅಥವಾ ಯಾರೋ ಹೆಸರಾಂತ ವ್ಯಕ್ತಿಯ ನೆನಪಿಗೆಂದು ಮಾರಲು ತೊಡಗಿದ್ದು 1964ರಲ್ಲಿ. ಮೊದಲು ಬಂದದ್ದು ವಯೋಮಿಂಗ್ ರಾಜ್ಯದ ವಜ್ರಮಹೋತ್ಸವದ್ದು. 1966ರಲ್ಲಿ ಕಂಪನಿಯದೇ ಶತಮಾನೋತ್ಸವ, 1967ರಲ್ಲಿ ಕೆನಡಾದ್ದು, 1968ರಲ್ಲಿ ಬಫಲೋ ಬಿಲ್. ಕೊಂಡವರಲ್ಲಿ ಬಹಳ ಮಂದಿ ಮುಂದೆ ಬಂಗಾರದ ಬೆಲೆ ಬರುತ್ತದೆಂದು ನಂಬಿ ಪೆಟ್ಟಿಗೆಯನ್ನೇ ಬಿಚ್ಚದೆ ಇಟ್ಟುಕೊಂಡರು. ಆದರೆ ಬಫಲೋ ಬಿಲ್ ಆವೃತ್ತಿಯೇ ಲಕ್ಷಕ್ಕೂ ಹೆಚ್ಚು ತಯಾರಾಗಿತ್ತು. ಅಷ್ಟೊಂದು ಇರುವ ವಸ್ತು ಅಪರೂಪದ್ದಾಗುವುದು ಹೇಗೆ? ಅವರ ಲೆಕ್ಕ ತಪ್ಪಿದ್ದರಿಂದಲೇ ನನ್ನಂಥವನ ಕೈಗೆ ಅದು ಸಿಕ್ಕಿತು.

ನಾನಿರುವುದು ಕೊಲೊರಾಡೊದ ಡೆನ್ವರ್ ಪಕ್ಕದಲ್ಲಿ. ಸೇನೆಗೆ ದಾರಿ ತೋರುವ ಸ್ಕೌಟ್ ಆಗಿದ್ದು, ಆಮೇಲೆ ‘ವೈಲ್ಡ್ ವೆಸ್ಟ್’ ಪ್ರದರ್ಶನಗಳಿಂದ ಬಫಲೋ ಬಿಲ್ ಎಂದೇ ಹೆಸರಾದ ವಿಲಿಯಂ ಕೋಡಿ 1917ರಲ್ಲಿ ತೀರಿಕೊಂಡದ್ದು ಡೆನ್ವರ್‌ನಲ್ಲಿ. ಸಮಾಧಿ ಇರುವುದು ಗೋಲ್ಡನ್ ಪಟ್ಟಣದ ಬಳಿಯ ಲುಕ್ಔಟ್ ಬೆಟ್ಟದ ಮೇಲೆ. ಊರಿನ ಮನುಷ್ಯನ ಹೆಸರಿನ ರೈಫಲ್ ಎಂಬುದು ಒಂದು ಸೆಳೆತ, ಇರಲಿ. ನನಗೆ ಬೇಕಾಗಿದ್ದದ್ದು ಅದರ 26 ಇಂಚಿನ ಎಂಟು ಮೂಲೆಯ ನಳಿಗೆ. ಸಾಮಾನ್ಯ 94ರ 20 ಇಂಚಿನ ನಳಿಗೆ ಕಾಡಿನಲ್ಲಿ ಹೊತ್ತು ತಿರುಗಲು ಸರಿ, ನಿಂತು ಗುರಿ ಹಿಡಿಯುವಾಗ ತೂಗಾಡುತ್ತದೆ. ಮುಂದಕ್ಕೆ ಭಾರವಿರುವ ಈ ನಳಿಗೆ ಕೈಯಲ್ಲಿ ತಾನಾಗಿಯೇ ನೆಲೆ ನಿಲ್ಲುತ್ತದೆ.

ಕೊಡಗಿನಲ್ಲಿ ಬೆಳೆದವನಿಗೆ ಕೋವಿಯನ್ನು ಗಾಜಿನ ಕಪಾಟಿನಲ್ಲಿಟ್ಟು ನೋಡುತ್ತ ಕೂರುವುದು ಒಗ್ಗುವುದಿಲ್ಲ. ಆಯುಧ ಪೂಜಿಸುವ ನಮ್ಮ ಹಬ್ಬ ಕೈಲ್ ಪೊಳ್ದಿನ ದಿನ ನಾವೂ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಪೂಜೆ ಮುಗಿದ ಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಈಡು ಹೊಡೆಯುತ್ತೇವೆ. ಹೊಡೆಯದ ಕೋವಿಗೆ ಪೂಜೆ ಯಾಕೆ ಎಂದು ಕೇಳುವ ಹಿರಿಯರ ನಡುವೆ ಬೆಳೆದವನು ನಾನು.

ಕೊಳ್ಳುವಾಗ ನಾನು ಹುಡುಕಿದ್ದು ಪೆಟ್ಟಿಗೆ ಕಳೆದುಹೋದ, ಮರದ ಮೇಲೆ ಗೀರು ಬಿದ್ದ, ಯಾರೋ ಈಗಾಗಲೇ ಒಂದಿಷ್ಟು ಹೊಡೆದಿರುವ ಕೋವಿಯನ್ನು. ಮೂಲ ಪೆಟ್ಟಿಗೆ, ಕಾಗದಪತ್ರ ಎಲ್ಲ ಇದ್ದು ಒಂದೂ ಗುಂಡು ಹಾರಿಸದ ಕೋವಿಗೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ; ಮೊದಲ ತೋಟಾ ಸಿಡಿದ ಕ್ಷಣವೇ ಆ ಹೆಚ್ಚಿನ ಹಣ ಹೊಗೆಯಾಗುತ್ತದೆ. ಆ ನಷ್ಟವನ್ನು ಇನ್ನೊಬ್ಬರು ಆಗಲೇ ಅನುಭವಿಸಿದ್ದರೆ ನಮಗೆ ಕ್ಷೇಮ.

ದಶಕಗಟ್ಟಲೆ ಮಲಗಿದ್ದ ರೈಫಲ್ ಅನ್ನು ಮನೆಗೆ ತಂದ ದಿನವೇ ರೇಂಜಿಗೆ ಒಯ್ಯಬಾರದು. ಕಾರ್ಖಾನೆಯಲ್ಲಿ ಹಾಕಿದ್ದ ಎಣ್ಣೆ ಒಳಗೆ ಅಂಟಾಗಿ ಹೆಪ್ಪುಗಟ್ಟಿತ್ತು, ಲಿವರ್ ಎಳೆದರೆ ಬೆಲ್ಲದ ಪಾಕದಲ್ಲಿ ಸೌಟು ತಿರುಗಿಸಿದಂತಿತ್ತು. ನಿಧಾನವಾಗಿ ಒರೆಸಿ, ಬೇರೆ ತೆಳು ಎಣ್ಣೆ ಹಚ್ಚಿದೆ. ಒಂದು ಎಚ್ಚರಿಕೆ: ಬಫಲೋ ಬಿಲ್‌ನ ಹ್ಯಾಮರ್, ಟ್ರಿಗರ್, ತೋಟಾ ತುಂಬುವ ಬಾಗಿಲು, ಹಿಂಬದಿಯ ಲೋಹದ ತಟ್ಟೆ ಎಲ್ಲಕ್ಕೂ ನಿಕ್ಕಲ್ ಲೇಪವಿದೆ. ನಳಿಗೆಯೊಳಗಿನ ತಾಮ್ರದ ಕಲೆ ತೆಗೆಯಲು ಬಳಸುವ ಅಮೋನಿಯಾ ದ್ರಾವಣ ಆ ಲೇಪವನ್ನು ಕೆಡಿಸಬಲ್ಲದು. ನಾನು ಅಮೋನಿಯಾ ಇಲ್ಲದ ದ್ರಾವಣವನ್ನೇ ಇಟ್ಟುಕೊಂಡಿದ್ದೇನೆ. ನಳಿಗೆಯ ಹಿಂದೆ ಯಂತ್ರಭಾಗವನ್ನು ಹಿಡಿದಿರುವ ಕಪ್ಪು ಕ್ರೋಮಿನ ರಿಸೀವರ್ ಮೇಲೆ ಸವೆತ ಬಿದ್ದರೆ ಸಾಮಾನ್ಯ ಉಕ್ಕಿಗೆ ಹಚ್ಚುವ ನೀಲಿ ದ್ರಾವಣದಿಂದ ಸರಿಪಡಿಸಲು ಆಗುವುದಿಲ್ಲ, ಅದೂ ನೆನಪಿರಲಿ. ಎಡಪಕ್ಕದಲ್ಲಿ ನೇತಾಡುವ ಜೀನಿನ ಬಳೆ ರಿಸೀವರ್‌ಗೆ ಬಡಿದು ಗೀರುತ್ತದೆ. ಅದಕ್ಕೆ ಚರ್ಮದ ದಾರ ಸುತ್ತಿದೆ, ಗಲಗಲ ಸದ್ದೂ ನಿಂತಿತು.

ಇನ್ನು ಆ ಅರ್ಧಚಂದ್ರಾಕಾರದ ಹಿಂಬದಿಯ ತಟ್ಟೆ. ನೋಡಲು ಚೆಂದ, ಹೆಗಲಿಗೆ ಶತ್ರು. ಅದನ್ನು ಶಾಟ್‌ಗನ್ನಿನಂತೆ ಹೆಗಲಿನ ಗುಳಿಗೆ ಒತ್ತಿಕೊಂಡರೆ ಚೂಪಾದ ಎರಡು ಕೊಂಬುಗಳೂ ಚುಚ್ಚುತ್ತವೆ. ಸ್ವಲ್ಪ ಪಕ್ಕಕ್ಕೆ ತಿರುಗಿ ನಿಂತು, ತೋಳಿನ ಮೇಲ್ಭಾಗ ಆ ಬಾಗಿನೊಳಗೆ ಕೂರುವಂತೆ ಹಿಡಿದರೆ ಏನೂ ನೋವಿಲ್ಲ. ಹಳೆಯ ಕಾಲದವರು ಹಿಡಿಯುತ್ತಿದ್ದದ್ದೇ ಹಾಗೆ.

ಈಗ ಸೈಟಿನ, ಅಂದರೆ ಗುರಿ ಹಿಡಿಯಲು ನೋಡುವ ಸಾಧನದ ವಿಷಯ. ಕಾರ್ಖಾನೆಯಿಂದ ಬಂದದ್ದು ನಳಿಗೆಯ ನಡುವೆ ಕೂರಿಸಿದ ಕೊಂಬಿನಾಕಾರದ ಹಿಂದಿನ ಸೈಟ್, ತುದಿಯಲ್ಲಿ ಮಣಿಯಂಥ ಮುಂದಿನ ಸೈಟ್. ಇಪ್ಪತ್ತರ ಹರೆಯದ ಕಣ್ಣಿಗೆ ಅದು ಸಾಕಾಗಬಹುದು. ಚಾಳೀಸು ಬಂದ ಕಣ್ಣು ಹಿಂದಿನ ಸೈಟ್, ಮುಂದಿನ ಮಣಿ, ದೂರದ ಗುರಿ ಮೂರನ್ನೂ ಒಟ್ಟಿಗೆ ಹಿಡಿಯಲಾರದು. ಆ ಕೊಂಬುಗಳು ಗುರಿಯ ಅಕ್ಕಪಕ್ಕವನ್ನೂ ಮುಚ್ಚುತ್ತವೆ. ಹೊಳೆಯುವ ಮಣಿಯ ಮೇಲೆ ಒಂದು ಬದಿಯಿಂದ ಬಿಸಿಲು ಬಿದ್ದರೆ ಕಣ್ಣು ಆ ಹೊಳಪನ್ನೇ ನಡುವೆಂದು ತಿಳಿಯುತ್ತದೆ, ಗುಂಡು ಬೆಳಕಿನ ಎದುರು ದಿಕ್ಕಿಗೆ ಸರಿಯುತ್ತದೆ. ಬೆಂಚಿನ ಮೇಲೆ ಒರಗಿಸಿ ಹೊಡೆದರೂ 100 ಗಜದಲ್ಲಿ ನನ್ನ ಗುಂಡುಗಳು ಐದಾರು ಇಂಚು ಚದುರುತ್ತಿದ್ದವು.

ದುರ್ಬೀನು ಹಾಕಬಾರದೇ ಎಂದು ರೇಂಜಿನಲ್ಲಿ ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇರುತ್ತಾರೆ. ಈ ಕಾಲದ 94ರಲ್ಲಿ ಖಾಲಿ ತೋಟಾ ನೇರ ಮೇಲಕ್ಕೆ ಹಾರುತ್ತದೆ, ರಿಸೀವರ್ ಮೇಲೆ ದುರ್ಬೀನು ಇದ್ದರೆ ಅದಕ್ಕೇ ಬಡಿಯುತ್ತದೆ. ಪಕ್ಕಕ್ಕೆ ಚಿಮ್ಮುವ ವ್ಯವಸ್ಥೆ ಬಂದದ್ದು 1980ರ ದಶಕದಲ್ಲಿ. ಪಕ್ಕಕ್ಕೆ ಸರಿಸಿ ಕೂರಿಸುವ ಆಧಾರಗಳೂ ಸಿಗುತ್ತವೆ, ಆದರೆ ಕೆತ್ತನೆಯ ರೈಫಲ್‌ಗೆ ಅದು ಮದುಮಗನಿಗೆ ಹೆಲ್ಮೆಟ್. ಇನ್ನೊಂದು ದಾರಿ ಟ್ಯಾಂಗ್ ಮೇಲೆ, ಅಂದರೆ ರಿಸೀವರ್‌ನಿಂದ ಹಿಂದಕ್ಕೆ ಚಾಚಿದ ಲೋಹದ ಪಟ್ಟಿಯ ಮೇಲೆ ನಿಲ್ಲುವ ಎತ್ತರದ ಸೈಟ್. ಕೋಡಿಯ ಹೆಸರು ಮತ್ತು ‘ಚೀಫ್ ಆಫ್ ಸ್ಕೌಟ್ಸ್’ ಎಂಬ ಬರಹ ಇರುವುದೇ ಅಲ್ಲಿ. ತೂತು ಕೊರೆದು ಅದನ್ನು ಮುಚ್ಚುವ ಮನಸ್ಸು ನನಗಿರಲಿಲ್ಲ.

ಉಳಿದದ್ದು ರಿಸೀವರ್‌ನ ಎಡಪಕ್ಕಕ್ಕೆ ಬಿಗಿಯುವ, ಪುಟ್ಟ ತೂತಿನ ಮೂಲಕ ನೋಡುವ ಪೀಪ್ ಸೈಟ್. ಹೆಚ್ಚಿನ 94ಗಳ ಎಡಪಕ್ಕದ ಹಿಂಭಾಗದಲ್ಲಿ ಇದಕ್ಕೆಂದೇ ಕೊರೆದ ಎರಡು ತೂತುಗಳಿರುತ್ತವೆ, ಅವನ್ನು ಪುಟ್ಟ ತಿರುಪುಗಳಿಂದ ಮುಚ್ಚಿರುತ್ತಾರೆ. ಸ್ಮಾರಕ ಆವೃತ್ತಿ ಕೊಳ್ಳುವವರು ಮೊದಲು ನೋಡಬೇಕಾದ್ದು ಅದನ್ನೇ. ನನ್ನದರಲ್ಲಿ ಅವು ಇದ್ದವು, ಹೀಗಾಗಿ ಡ್ರಿಲ್ಲಿನ ಮಾತೇ ಬರಲಿಲ್ಲ. ತೂತಿಲ್ಲದ್ದು ಸಿಕ್ಕಿದ್ದರೆ ನಾನು ಬೇರೆ ಕೋವಿ ಹುಡುಕುತ್ತಿದ್ದೆನೇ ಹೊರತು ಕೊರೆಯುತ್ತಿರಲಿಲ್ಲ. ಮರಳಿ ಮೊದಲಿನ ರೂಪಕ್ಕೆ ತರಲಾಗದ ಯಾವ ಕೆಲಸವನ್ನೂ ಇಂಥ ಕೋವಿಗೆ ಮಾಡಬಾರದು ಎಂಬುದು ನನ್ನ ಹಟ.

ಆರಿಸಿದ್ದು ವಿಲಿಯಮ್ಸ್ ಕಂಪನಿಯ ‘ಫೂಲ್‌ಪ್ರೂಫ್’. ಹಗುರ ಲೋಹದ್ದು, ಒಮ್ಮೆ ಬಿಗಿದರೆ ಅಲುಗುವುದಿಲ್ಲ. ಗಟ್ಟಿಯಾಗಿ ಕೂತಿದ್ದ ಮುಚ್ಚು ತಿರುಪುಗಳಿಗೆ ರಾತ್ರಿಯಿಡೀ ಎಣ್ಣೆ ಬಿಟ್ಟು, ಸೀಳಿಗೆ ಸರಿಯಾಗಿ ಹೊಂದುವ ಸ್ಕ್ರೂಡ್ರೈವರ್‌ನಿಂದ ತೆಗೆದೆ. ಹೊಸ ತಿರುಪು ಬಿಗಿದ ಮೇಲೆ ಲಿವರ್ ಪೂರ್ತಿ ತೆರೆದು ಮುಚ್ಚಿ ನೋಡಲೇಬೇಕು. ತಿರುಪು ಒಂದು ಕೂದಲೆಳೆ ಉದ್ದವಾದರೂ ಒಳಗಿನ ಬೋಲ್ಟಿಗೆ ತಾಗುತ್ತದೆ. ಕೊನೆಗೆ ತಿರುಪು ಸಡಿಲವಾಗದಂತೆ ಹಿಡಿಯುವ, ಬೇಕಾದಾಗ ಬಿಚ್ಚಬಹುದಾದ ನೀಲಿ ಲಾಕ್‌ಟೈಟ್ ಅಂಟು ಒಂದೊಂದು ಹನಿ.

ಹಳೆಯ ಹಿಂದಿನ ಸೈಟನ್ನು ಹಿತ್ತಾಳೆಯ ಉಳಿಯಿಂದ ಎಡದಿಂದ ಬಲಕ್ಕೆ ತಟ್ಟಿ ಹೊರತೆಗೆದೆ. ಕೂರಿಸುವಾಗ ಬಲದಿಂದ ಎಡಕ್ಕೆ. ಖಾಲಿಯಾದ ಕಚ್ಚಿಗೆ ಚಪ್ಪಟೆ ಉಕ್ಕಿನ ತುಂಡೊಂದು ಸೇರಿತು. ತೆಗೆದ ಸೈಟ್, ಮುಚ್ಚು ತಿರುಪುಗಳು ಎಲ್ಲ ಚೀಟಿ ಅಂಟಿಸಿದ ಡಬ್ಬಿಯಲ್ಲಿವೆ.

ಪೀಪ್ ಸೈಟ್ ಹಾಕಿದವರಿಗೆಲ್ಲ ಎದುರಾಗುವ ತೊಡಕು ನನಗೂ ಎದುರಾಯಿತು. ಅದನ್ನು ಕೊನೆಯವರೆಗೆ ಇಳಿಸಿದರೂ ಗುಂಡು ಮೇಲೆಯೇ ಬೀಳುತ್ತಿತ್ತು, 100 ಗಜದಲ್ಲಿ ಸುಮಾರು 9 ಇಂಚು. ಇದಕ್ಕೆ ಮದ್ದು ಮುಂದಿನ ಸೈಟನ್ನು ಎತ್ತರಿಸುವುದು, ಎಷ್ಟು ಎಂಬುದನ್ನು ಊಹಿಸಬೇಕಾಗಿಲ್ಲ. ಎರಡು ಸೈಟುಗಳ ನಡುವಿನ ಅಂತರವನ್ನು ತಪ್ಪಿದ ಇಂಚುಗಳಿಂದ ಗುಣಿಸಿ, ಗುರಿಯ ದೂರವನ್ನು ಇಂಚಿನಲ್ಲಿ ಹಿಡಿದು ಭಾಗಿಸಿದರಾಯಿತು. ನನ್ನಲ್ಲಿ ಅಂತರ 28 ಇಂಚು, 100 ಗಜವೆಂದರೆ 3600 ಇಂಚು. 28ನ್ನು 9ರಿಂದ ಗುಣಿಸಿ 3600ರಿಂದ ಭಾಗಿಸಿದರೆ 0.07 ಇಂಚು. ಪೀಪ್ ಮೇಲೆ ಕೆಳಗೆ ಆಡಲು ಜಾಗ ಉಳಿಯಲೆಂದು ಇನ್ನೂ ತುಸು ಎತ್ತರದ್ದನ್ನೇ ತರಿಸಿದೆ. ಮಣಿಯ ಬದಲು ತುದಿ ಚಪ್ಪಟೆಯಾದ ಕಪ್ಪು ಕಂಬ. ಬಿಸಿಲಿನ ಆಟ ಅಲ್ಲಿಗೆ ನಿಂತಿತು.

ಪೀಪ್ ತೂತನ್ನು ನೋಡಬಾರದು, ಅದರ ಮೂಲಕ ನೋಡಬೇಕು. ಮುಂದಿನ ಕಂಬವನ್ನು ನಡುವೆ ತರುವ ಕೆಲಸವನ್ನು ಕಣ್ಣು ತಾನೇ ಮಾಡಿಕೊಳ್ಳುತ್ತದೆ. ಮೊದಮೊದಲು ನಂಬಿಕೆ ಬರುವುದಿಲ್ಲ, ತೂತಿನ ಅಂಚನ್ನು ಹುಡುಕುವ ಚಟ ಬಿಡಬೇಕು. ಮೋಡದ ದಿನಕ್ಕೆ ದೊಡ್ಡ ತೂತಿನ ಬಿಲ್ಲೆ, ಒಳ್ಳೆ ಬೆಳಕಿಗೆ ಚಿಕ್ಕದು. ಈಗ ಅದೇ ಬೆಂಚಿನಿಂದ ಮೂರು ಇಂಚಿನೊಳಗೆ ಬೀಳುತ್ತವೆ. ಒರಗಿಸುವಾಗ ನಳಿಗೆಯ ಕೆಳಗೆ ಕೈ ಹಿಡಿಯುವ ಮುಂಗೈ ಮರ ಮೆತ್ತೆಯ ಮೇಲಿರಬೇಕು, ನಳಿಗೆಯಲ್ಲ. ತೋಟಾಗಳನ್ನು ತುಂಬುವ ಮ್ಯಾಗಜಿನ್ ಕೊಳವೆ ನಳಿಗೆಗೆ ಅಂಟಿಕೊಂಡಿರುವುದರಿಂದ ನಳಿಗೆ ಕಾದಂತೆ ಗುಂಡು ಬೀಳುವ ಜಾಗವೂ ಸರಿಯುತ್ತದೆ. ನಡುನಡುವೆ ಆರಲು ಬಿಡುತ್ತೇನೆ.

ತೋಟಾ .30-30. ಕೊಳವೆಯೊಳಗೆ ಒಂದರ ಮೂತಿ ಇನ್ನೊಂದರ ಬುಡದಲ್ಲಿರುವ, ಬಡಿದರೆ ಸಿಡಿಯುವ ಪ್ರೈಮರ್‌ಗೆ ತಾಗಿ ಕೂರುವುದರಿಂದ ಚೂಪು ಲೋಹದ ಗುಂಡು ಖಂಡಿತ ಕೂಡದು, ಚಪ್ಪಟೆ ಮೂತಿಯದೇ ಬೇಕು. ಇಲ್ಲವೇ ಹಾರ್ನಡಿ ಕಂಪನಿ ತಂದ ಮೆತ್ತನೆ ತುದಿಯದು. ನಾನು ಬಳಸುವುದು 170 ಗ್ರೇನ್ ತೂಕದ ಚಪ್ಪಟೆ ಮೂತಿ. ಅದಕ್ಕೊಂದು ಕಾರಣವಿದೆ: ಲಿವರ್ ರೈಫಲ್ ಸಿಲೂಯೆಟ್ ಸ್ಪರ್ಧೆಯಲ್ಲಿ ಉಕ್ಕಿನ ಕೋಳಿ 50 ಮೀಟರ್‌ನಲ್ಲಿ, ಹಂದಿ 100ರಲ್ಲಿ, ಟರ್ಕಿ 150ರಲ್ಲಿ, ಟಗರು 200ರಲ್ಲಿ ನಿಂತಿರುತ್ತವೆ. ಎಲ್ಲವನ್ನೂ ನಿಂತೇ, ಯಾವ ಆಸರೆಯೂ ಇಲ್ಲದೆ ಹೊಡೆಯಬೇಕು. ತಾಗಿದರೆ ಸಾಲದು, ಉರುಳಬೇಕು. ಹಗುರ ಗುಂಡು ತಾಗಿದರೂ ಟಗರು ಕೆಲವೊಮ್ಮೆ ಕೊಸರಾಡಿ ನಿಂತುಬಿಡುತ್ತದೆ.

100 ಗಜಕ್ಕೆ ಸರಿಹೊಂದಿಸಿದ ಈ ತೋಟಾ 200 ಗಜಕ್ಕೆ ಬರುವಾಗ ಎಂಟೊಂಬತ್ತು ಇಂಚು ಇಳಿಯುತ್ತದೆ. ಟಗರಿನ ಬೆನ್ನ ಮೇಲೆ ಗಾಳಿಯಲ್ಲಿ ಗುರಿ ಹಿಡಿಯುವ ಬದಲು, ಪ್ರತಿ ಪ್ರಾಣಿಗೂ ಪೀಪ್ ಎಷ್ಟು ಏರಬೇಕೆಂದು ಅಳತೆಗೀಟು ನೋಡಿ ಬರೆದ ಚೀಟಿಯನ್ನು ತೋಟಾ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿದ್ದೇನೆ. ಕೋಳಿ ಮತ್ತು ಹಂದಿಗೆ ಒಂದೇ ಗೀಟು ಸಾಕಾಗುತ್ತದೆ. ಟರ್ಕಿಯದ್ದು ಇನ್ನೂ ಪೆನ್ಸಿಲಿನಲ್ಲೇ ಇದೆ, ಚಳಿಗಾಲದ ಗಾಳಿಯಲ್ಲಿ ಒಮ್ಮೆ ಹೊಡೆದು ನೋಡಿ ಖಚಿತವಾದ ಮೇಲೆ ಶಾಯಿಯಲ್ಲಿ ಬರೆಯುತ್ತೇನೆ.