ಅಮೆರಿಕದಲ್ಲಿ ಅಸ್ಟ್ರಾನಮಿ ಡಿಗ್ರಿ: ಗಣಿತದ ಒಂದು ಟೆಸ್ಟಿಗೆ ಒಂದು ವರ್ಷದ ಫೀಸು

ವೀಸಾ, ವಿಮಾನ, ಚಳಿಯ ಜಾಕೆಟ್ಟು, ಕುಕ್ಕರ್ ಇವುಗಳ ಬಗ್ಗೆ ಹೇಳಿಕೊಡಲು ಈಗ ಮನೆಗೊಬ್ಬರಿದ್ದಾರೆ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಅಸ್ಟ್ರಾನಮಿ ಓದಲು ಅಮೆರಿಕಕ್ಕೆ ಬರುವ ಮಕ್ಕಳು ಎಡವುವುದು ಅಲ್ಲೆಲ್ಲೂ ಅಲ್ಲ. ಇನ್ನೂ ಊರಲ್ಲಿದ್ದಾಗಲೇ, ಯಾವ ಗಣಿತ ಕೋರ್ಸಿನಿಂದ ಶುರುಮಾಡಬೇಕೆಂದು ನಿರ್ಧರಿಸುವ ಪ್ಲೇಸ್‌ಮೆಂಟ್ ಟೆಸ್ಟಿನಲ್ಲಿ.

ಮೊದಲು ಡಿಗ್ರಿಯೊಳಗೆ ಏನಿದೆ ನೋಡಿ. ಜೋಗಿಮಟ್ಟಿ ಬೆಟ್ಟದ ಮೇಲೆ ನಿಂತು ಆಕಾಶ ನೋಡಿದ ಹುರುಪಿನಲ್ಲಿ ಬಂದವರಿಗೆ ಮೊದಲ ಎರಡು ವರ್ಷ ಟೆಲಿಸ್ಕೋಪ್ ಮುಟ್ಟಲು ಸಿಗುವುದೇ ಅಪರೂಪ. ಕ್ಯಾಲ್ಕ್ಯುಲಸ್ 1, 2, 3, ಆಮೇಲೆ ಲೀನಿಯರ್ ಆಲ್ಜೀಬ್ರಾ ಮತ್ತು ಡಿಫರೆನ್ಷಿಯಲ್ ಈಕ್ವೇಷನ್ಸ್; ಅದರ ಜೊತೆಜೊತೆಗೆ ಮೆಕ್ಯಾನಿಕ್ಸ್, ವಿದ್ಯುತ್ತು ಮತ್ತು ಕಾಂತತ್ವ, ಮಾಡರ್ನ್ ಫಿಸಿಕ್ಸ್. ನಕ್ಷತ್ರದ ಒಡಲಲ್ಲಿ ಒತ್ತಡವೂ ಗುರುತ್ವವೂ ಹೇಗೆ ಸರಿದೂಗುತ್ತವೆ ಎಂಬ ಪಾಠ ಬರುವುದು ಇಷ್ಟೆಲ್ಲ ಮುಗಿದ ಮೇಲೆ. ಅಬ್ಸರ್ವೇಷನಲ್ ಲ್ಯಾಬ್ ಅಂದರೂ ಕಣ್ಣಿಟ್ಟು ನೋಡುವುದು ಕಡಿಮೆ. ಸಿಸಿಡಿ (ಟೆಲಿಸ್ಕೋಪಿನ ಡಿಜಿಟಲ್ ಕ್ಯಾಮೆರಾ) ಚಿತ್ರದಿಂದ ಬಯಾಸ್, ಡಾರ್ಕ್ ಎಂಬ ಕ್ಯಾಮೆರಾದ್ದೇ ಹುಸಿ ಸಂಕೇತಗಳನ್ನು ಕಳೆದು, ಸಮನಾದ ಬೆಳಕಿನಲ್ಲಿ ತೆಗೆದ ಫ್ಲಾಟ್ ಚಿತ್ರದಿಂದ ಭಾಗಿಸಿ, ಪೈಥಾನ್‌ನಲ್ಲಿ ನಕ್ಷತ್ರದ ಸುತ್ತ ಒಂದು ವೃತ್ತ ಹಾಕಿ ಅದರೊಳಗಿನ ಬೆಳಕು ಅಳೆಯಬೇಕು. ಫ್ಲಾಟ್ ಸರಿಯಾಗಿ ತೆಗೆಯದಿದ್ದರೆ ಕ್ಯಾಮೆರಾದ ಫಿಲ್ಟರಿನ ಮೇಲಿನ ಧೂಳಿನ ಕಲೆಯೂ ನಕ್ಷತ್ರದ ಪ್ರಕಾಶದ ಲೆಕ್ಕ ಕೆಡಿಸುತ್ತದೆ.

ಈಗ ಆ ಟೆಸ್ಟು. ಅಡ್ಮಿಷನ್ ಆದ ಮೇಲೆ ಗಣಿತ ವಿಭಾಗದ ಪ್ಲೇಸ್‌ಮೆಂಟ್ ಮುಗಿಸಿ ಎಂದು ಇ-ಮೇಲ್ ಬರುತ್ತದೆ. ಬಹಳ ಕಡೆ ಬಳಸುವುದು ಅಲೆಕ್ಸ್ (ALEKS) ಎಂಬ ಆನ್‌ಲೈನ್ ಟೆಸ್ಟ್. ಹೆಚ್ಚೆಂದರೆ 30 ಪ್ರಶ್ನೆ, 100ಕ್ಕೆ ಅಂಕ. ಸೆಕೆಂಡ್ ಪಿಯುಸಿ ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆದವರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ, ಸೂಟ್‌ಕೇಸ್ ತುಂಬುವ ಗಡಿಬಿಡಿಯಲ್ಲಿ ರಾತ್ರಿ ಕೂತು ಮುಗಿಸಿಬಿಡುತ್ತಾರೆ. ಕೇಳುವುದು ಇಂಟಿಗ್ರೇಷನ್ ಅಲ್ಲ. ಲಾಗರಿದಮ್, ಟ್ರಿಗನಾಮೆಟ್ರಿ, ಫಂಕ್ಷನ್ನಿನ ಡೊಮೇನ್, ಇನ್ವರ್ಸ್, ಗ್ರಾಫ್ ಎಳೆಯುವುದು. ಎಸ್ಸೆಸ್ಸೆಲ್ಸಿ, ಫಸ್ಟ್ ಪಿಯುಸಿಯಲ್ಲಿ ಓದಿ ಬಿಟ್ಟದ್ದು. ಸಿಇಟಿಯಲ್ಲಿ ಆಯ್ಕೆ ನೋಡಿ ಉತ್ತರ ಹಿಡಿಯುವ ಜಾಣತನ ಇಲ್ಲಿ ನಡೆಯುವುದಿಲ್ಲ, ಉತ್ತರವನ್ನೇ ಟೈಪ್ ಮಾಡಬೇಕು. ಬೋರ್ಡ್ ಪರೀಕ್ಷೆಯಂತೆ ಸ್ಟೆಪ್ಪಿಗೆ ಮಾರ್ಕ್ಸ್ ಇಲ್ಲ. ಮುಂದಿನ ಪ್ರಶ್ನೆ ನಿಮ್ಮ ಉತ್ತರ ನೋಡಿಕೊಂಡು ಬರುವುದರಿಂದ, ಸುಲಭದ್ದರಲ್ಲಿ ತಪ್ಪಿದರೆ ಟೆಸ್ಟ್ ನಿಮ್ಮನ್ನು ಕೆಳಗೇ ಇಳಿಸುತ್ತಾ ಹೋಗುತ್ತದೆ. ಕೊನೆಗೆ ಸಿಗುವುದು ಪ್ರೀ-ಕ್ಯಾಲ್ಕ್ಯುಲಸ್, ಅಂದರೆ ಕ್ಯಾಲ್ಕ್ಯುಲಸ್ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಕೋರ್ಸ್.

ವಿದ್ಯಾನಗರದ ಹುಡುಗನೊಬ್ಬ ಹೀಗೆ ಬಿದ್ದಾಗ, "ಬಿಡಿ ಅಂಕಲ್, ಒಂದು ಸೆಮಿಸ್ಟರ್ ತಾನೇ, ಪುಕ್ಕಟೆ ಎ ಗ್ರೇಡು" ಅಂದಿದ್ದ. ಲೆಕ್ಕ ಹಾಕಿ. ಕ್ಯಾಲ್ಕ್ಯುಲಸ್ 1 ಶುರುವಾಗುವುದು ಎರಡನೇ ಸೆಮಿಸ್ಟರಿನಲ್ಲಿ, ಅದರ ಬೆನ್ನಿಗೆ ಫಿಸಿಕ್ಸ್ ಪೂರ್ತಿ ಒಂದೊಂದು ಮೆಟ್ಟಿಲು ಹಿಂದೆ. ಎರಡನೇ ವರ್ಷ ಮುಗಿಯುವಾಗ ಆಗಿರಬೇಕಾದ ಮಾಡರ್ನ್ ಫಿಸಿಕ್ಸ್ ಮೂರನೇ ವರ್ಷದ ಮೊದಲ ಸೆಮಿಸ್ಟರಿಗೆ ಬೀಳುತ್ತದೆ. ಅದೇ ಸೆಮಿಸ್ಟರಿನಲ್ಲಿ ನಡೆಯುವ ಮೇಲ್ಹಂತದ ಅಸ್ಟ್ರಾನಮಿ ಕೋರ್ಸಿಗೆ ಅದು ಆಗಿರಲೇಬೇಕು. ಈ ಮೇಲ್ಹಂತದ ಕೋರ್ಸುಗಳು ಸಣ್ಣ ವಿಭಾಗಗಳಲ್ಲಿ ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತವೆ, ಕೆಲವು ಕಡೆ ಎರಡು ವರ್ಷಕ್ಕೊಮ್ಮೆ. ತಡವಾದದ್ದು ಆರು ತಿಂಗಳು, ಕಾಯಬೇಕಾದ್ದು ಒಂದು ವರ್ಷ. ಅವನ ಸ್ಕಾಲರ್‌ಶಿಪ್ ಇದ್ದದ್ದು 8 ಸೆಮಿಸ್ಟರಿಗೆ. ಐದನೇ ವರ್ಷದ ಪೂರ್ತಿ ಫೀಸು ಅಪ್ಪನ ಅಡಿಕೆ ತೋಟದ ಮೇಲಿನ ಸಾಲದಿಂದ ಬಂತು.

ಆದ್ದರಿಂದ ಎರಡು ವಾರ ಮೀಸಲಿಡಿ. ಮೊದಲ ಸಲ ಕೊಟ್ಟ ಮೇಲೆ ಅಲೆಕ್ಸೇ ನಿಮ್ಮ ದುರ್ಬಲ ಜಾಗಗಳ ಅಭ್ಯಾಸ ಕೊಡುತ್ತದೆ. ಅದನ್ನು ಮುಗಿಸಿ ಮತ್ತೆ ಬರೆಯಿರಿ. ಎಷ್ಟು ಸಲ, ಎಷ್ಟು ದಿನದ ಅಂತರ ಎಂಬುದು ಯೂನಿವರ್ಸಿಟಿಯ ನಿಯಮ, ಮೊದಲೇ ಕೇಳಿ. ಆದರೂ ಅಂಕ ಸಾಲದಿದ್ದರೆ ಪಿಯುಸಿ ಸಿಲಬಸ್ ಮತ್ತು ಮಾರ್ಕ್ಸ್ ಕಾರ್ಡ್ ಲಗತ್ತಿಸಿ ಗಣಿತ ವಿಭಾಗದ ಅಡ್ವೈಸರ್‌ಗೆ ಬರೆಯಿರಿ, ಕೇಳದವರಿಗೆ ವಿನಾಯಿತಿ ಸಿಗುವುದಿಲ್ಲ. ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಕೋರ್ಸ್ ಮುಗಿಸಿ ಸರಪಳಿ ಸರಿಮಾಡಬಹುದು, ಆದರೆ ಆ ಕ್ರೆಡಿಟ್ ಒಪ್ಪುತ್ತೇವೆ ಎಂಬ ನಿಮ್ಮ ಯೂನಿವರ್ಸಿಟಿಯ ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೆ ಮಾತ್ರ ಫೀಸು ಕಟ್ಟಿ.

ಉಲ್ಟಾ ಹುಂಬತನವೂ ಇದೆ. ಕ್ಯಾಲ್ಕ್ಯುಲಸ್ ಎಲ್ಲ ಪಿಯುಸಿಯಲ್ಲೇ ಆಗಿದೆ ಎಂದು ನೇರ ಮೂರಕ್ಕೆ ಹಾರಬೇಡಿ. ಅನಂತ ಶ್ರೇಣಿಗಳ ಕನ್ವರ್ಜೆನ್ಸ್, ಟೇಲರ್ ಸೀರೀಸ್ ನಮ್ಮ ಪಿಯುಸಿಯಲ್ಲಿ ಇಲ್ಲ, ಇಲ್ಲಿ ಕ್ಯಾಲ್ಕ್ಯುಲಸ್ 2ರಲ್ಲಿ ಬರುತ್ತವೆ. ಮುಂದೆ ಫಿಸಿಕ್ಸಿನ ಅರ್ಧ ಲೆಕ್ಕ ನಿಲ್ಲುವುದು ಅದರ ಮೇಲೆ.

ರಿಜಿಸ್ಟರ್ ಮಾಡುವಾಗ ಹೆಸರು ನೋಡಿ ಮೋಸ ಹೋಗಬೇಡಿ. ಅಸ್ಟ್ರಾನಮಿ 101 ಸಾಮಾನ್ಯವಾಗಿ ಕಲಾ ವಿಭಾಗದವರಿಗೆ ಇಟ್ಟಿದ್ದು, ಮೇಜರ್‌ಗೆ (ನಿಮ್ಮ ಮುಖ್ಯ ವಿಷಯಕ್ಕೆ) ಎಣಿಕೆಯಾಗದಿರಬಹುದು. ಫಿಸಿಕ್ಸಿನಲ್ಲೂ ಎರಡು ಬಗೆ: ಆಲ್ಜೀಬ್ರಾ ಮಟ್ಟದ್ದು ಹೆಚ್ಚಾಗಿ ಮೆಡಿಕಲ್ ಕಡೆ ಹೋಗುವವರಿಗೆ, ನಿಮಗೆ ಬೇಕಾದ್ದು ಕ್ಯಾಲ್ಕ್ಯುಲಸ್ ಮಟ್ಟದ್ದು.

ಕಷ್ಟವಾಯಿತೆಂದು ನಡುವೆ ಕೋರ್ಸ್ ಬಿಡುವ ಮುನ್ನ ಕ್ರೆಡಿಟ್ ಎಣಿಸಿ. ಎಫ್-1 (ವಿದ್ಯಾರ್ಥಿ) ವೀಸಾದವರು ಸೆಮಿಸ್ಟರಿಗೆ 12 ಕ್ರೆಡಿಟ್‌ಗಿಂತ ಕೆಳಗೆ ಇಳಿಯಬೇಕಾದರೆ ಇಂಟರ್‌ನ್ಯಾಷನಲ್ ಆಫೀಸಿನ ಅನುಮತಿ ಮೊದಲು ಪಡೆಯಬೇಕು. ಬಿಟ್ಟು ಆಮೇಲೆ ಕೇಳಿದರೆ ವೀಸಾ ಸ್ಟೇಟಸ್ ಹೋಗುತ್ತದೆ. ಐದನೇ ವರ್ಷ ಬೇಕಾದರೆ ಐ-20ಯ (ವೀಸಾಕ್ಕಾಗಿ ಯೂನಿವರ್ಸಿಟಿ ಕೊಡುವ ಪತ್ರ) ಕೊನೆಯ ದಿನಾಂಕಕ್ಕೆ ಮುಂಚೆಯೇ ವಿಸ್ತರಣೆ ಆಗಿರಬೇಕು, ಅದಕ್ಕೆ ಹಣದ ದಾಖಲೆ ಮತ್ತೆ ತೋರಿಸಬೇಕು. ಗ್ರೇಡ್ ಕುಸಿದು ಪ್ರೊಬೇಷನ್‌ಗೆ ಬಿದ್ದದ್ದರಿಂದ ತಡವಾಯಿತು ಎಂಬುದನ್ನು ಕಾರಣವಾಗಿ ಒಪ್ಪುವುದಿಲ್ಲ.

ನಮ್ಮ ಊರಿನ ಪದ್ಧತಿಯೋ ಅಮೆರಿಕದ್ದೋ, ಯಾವುದು ಮೇಲು? ನಮ್ಮಲ್ಲಿ ಬ್ಯಾಕ್‌ಲಾಗ್ ಹೊತ್ತುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಬಹುದು. ಇಲ್ಲಿ ಹಿಂದಿನದು ಆಗದಿದ್ದರೆ ಕಂಪ್ಯೂಟರೇ ರಿಜಿಸ್ಟರ್ ಆಗಲು ಬಿಡುವುದಿಲ್ಲ. ಕಲಿಕೆಗೆ ಇಲ್ಲಿಯದು ವಾಸಿ, ಜೇಬಿಗೆ ನಮ್ಮದು. ಪಿಎಚ್‌.ಡಿ.ವರೆಗೆ ಹೋಗುವ ಗಟ್ಟಿ ಮನಸ್ಸಿದ್ದರೆ ಐಐಎಸ್‌ಸಿ ಅಥವಾ ಐಸರ್‌ನಂಥ (IISER) ಕೇಂದ್ರದ ವಿಜ್ಞಾನ ಸಂಸ್ಥೆಯಲ್ಲಿ ಡಿಗ್ರಿ ಮುಗಿಸಿ ಬರುವುದೇ ಬುದ್ಧಿವಂತಿಕೆ ಎಂಬುದು ನನ್ನ ಅಭಿಪ್ರಾಯ. ಇಲ್ಲಿನ ಅಸ್ಟ್ರಾನಮಿ ಪಿಎಚ್‌.ಡಿ.ಗೆ ಸಾಮಾನ್ಯವಾಗಿ ಫೀಸು ಮನ್ನಾ, ಮೇಲೆ ಸ್ಟೈಪೆಂಡ್. ಅಂದ ಹಾಗೆ, ಐಐಎಸ್‌ಸಿ ಕ್ಯಾಂಪಸ್ ಚಳ್ಳಕೆರೆಯಲ್ಲೇ ಇದೆಯಲ್ಲ ಎಂದು ಚಿತ್ರದುರ್ಗದ ಪೋಷಕರು ಕೇಳುತ್ತಾರೆ. ಆ ಡಿಗ್ರಿ ನಡೆಯುವುದು ಬೆಂಗಳೂರಿನಲ್ಲಿ.

ಇನ್ನೊಂದೇ ಎಚ್ಚರಿಕೆ. ಬೇಸಿಗೆ ಸಂಶೋಧನೆಗೆ ಎಲ್ಲರೂ ಹೇಳುವ ಆರ್‌ಇಯು (ಡಿಗ್ರಿ ವಿದ್ಯಾರ್ಥಿಗಳ ಸಂಶೋಧನೆಗೆ ಅಮೆರಿಕ ಸರ್ಕಾರದ ಯೋಜನೆ) ಹಣ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್‌ನವರಿಗೆ ಮಾತ್ರ, ಬೇರೆ ಹಣದಿಂದ ವಿದೇಶಿಯರನ್ನು ಸೇರಿಸಿಕೊಳ್ಳುವ ಜಾಗಗಳು ಬೆರಳೆಣಿಕೆ. ಹತ್ತಾರು ಅರ್ಜಿ ಹಾಕಿ ಏಪ್ರಿಲ್‌ವರೆಗೆ ಕಾಯುವ ಬದಲು ಜನವರಿಯಲ್ಲೇ ನಿಮ್ಮ ವಿಭಾಗದ ಪ್ರೊಫೆಸರ್ ಒಬ್ಬರನ್ನು ಹಿಡಿಯಿರಿ. ಕ್ಯಾಂಪಸ್ ಒಳಗಿನ ಕೆಲಸಕ್ಕೆ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಿತಿ. ಬೇಸಿಗೆ ರಜೆಯಲ್ಲಿ ಪೂರ್ತಿ ಹೊತ್ತು ಮಾಡಬಹುದು. ಹೋಗುವಾಗ ಪೈಥಾನ್‌ನಲ್ಲಿ ನೀವೇ ಅಳೆದ ಒಂದು ಲೈಟ್ ಕರ್ವ್ (ನಕ್ಷತ್ರದ ಬೆಳಕು ಹೊತ್ತಿನೊಂದಿಗೆ ಬದಲಾಗುವುದನ್ನು ತೋರುವ ಗ್ರಾಫ್) ಜೊತೆಗಿರಲಿ. ಪ್ರೊಫೆಸರ್‌ಗಳು ಗ್ರೇಡಿಗಿಂತ ಮುಂಚೆ ನೋಡುವುದು ಅದನ್ನೇ.