ಹದಿನಾರು ಟೇಬಲ್, ಒಂದೇ ಸರ್ವರ್

ದಾವಣಗೆರೆಯ ಔಷಧಿ ಸಗಟು ಮಳಿಗೆಯೊಂದರಲ್ಲಿ ಹದಿನಾರು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಎಂದಾಗ ಹೊಸ ಕಂಪ್ಯೂಟರ್‌ಗಳ ಕೊಟೇಶನ್‌ಗಳು ಬಂದು ಬಿದ್ದವು. ಎಲ್ಲವೂ ಆರು ಲಕ್ಷದ ಮೇಲೆಯೇ. ನಮ್ಮವು ಬಹುಪಾಲು ಇಂಟೆಲ್‌ನ ಆರನೇ ತಲೆಮಾರಿನ ಐ3 ಪ್ರೊಸೆಸರಿನವು, ವಿಂಡೋಸ್ 11ಕ್ಕೆ ಒಗ್ಗುವಂಥವಲ್ಲ. ಥಿನ್ ಕ್ಲೈಂಟ್ ಮಾಡೋಣ ಎಂದೆ: ಕೆಲಸವೆಲ್ಲ ಒಂದೇ ಸರ್ವರಿನಲ್ಲಿ, ಟೇಬಲ್ ಮೇಲೆ ಪರದೆ, ಕೀಲಿಮಣೆ ಮತ್ತು ನೆಟ್‌ವರ್ಕ್ ಮೂಲಕ ಸರ್ವರಿನಿಂದಲೇ ಏಳುವ ಡಬ್ಬಿ. ಸಾಹುಕಾರರು ನಕ್ಕರು: ‘ಒಮ್ಮೆ ಕೈ ಸುಟ್ಟುಕೊಂಡದ್ದು ಸಾಲದೇನಪ್ಪಾ?’

ಸುಟ್ಟುಕೊಂಡದ್ದು ನಿಜ. 2022ರಲ್ಲಿ 16 ಜಿಬಿ ರ‍್ಯಾಮ್‌ನ ಹಳೆಯ ಯಂತ್ರವನ್ನೇ ಸರ್ವರ್ ಮಾಡಿ ಆರು ಟೇಬಲ್ ಕಟ್ಟಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ಆರೂ ಜನ ಲಾಗಿನ್ ಒತ್ತಿದರೆ ಇಪ್ಪತ್ತು ನಿಮಿಷ ಪರದೆಯ ಮೇಲೆ ಚಕ್ರ ಸುತ್ತುತ್ತಿತ್ತು, ಕೌಂಟರಿನ ಮುಂದೆ ಮೆಡಿಕಲ್ ಶಾಪ್ ಹುಡುಗರು ಸಾಲುಗಟ್ಟುತ್ತಿದ್ದರು. ನಾಲ್ಕನೇ ದಿನ ಎಲ್ಲವನ್ನೂ ಬಿಚ್ಚಿಟ್ಟೆ. ಪ್ರೊಸೆಸರ್ ಸಾಲದು ಎಂದುಕೊಂಡಿದ್ದೆ. ತಪ್ಪು ಹಾರ್ಡ್ ಡಿಸ್ಕಿನದು ಎಂದು ತಿಳಿದದ್ದು ಎಷ್ಟೋ ತಿಂಗಳ ನಂತರ, ಅದೇ ಯಂತ್ರಕ್ಕೆ ಬೇರೆ ಕೆಲಸಕ್ಕೆಂದು ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಎಸ್‌ಎಸ್‌ಡಿ ಹಾಕಿದಾಗ.

ಈ ಸಲ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಎರಡು ದಿನ ಅಲೆದೆ. 64 ಜಿಬಿಯ ಬಳಸಿದ ಸರ್ವರ್ ಅರವತ್ತು ಸಾವಿರ ಚಿಲ್ಲರೆ, ಎರಡು ಎಸ್‌ಎಸ್‌ಡಿ ಹದಿನಾಲ್ಕು ಸಾವಿರ, ಗಿಗಾಬಿಟ್ ಸ್ವಿಚ್ಚು ಮತ್ತು ಕೇಬಲ್ ಹದಿನೆಂಟು ಸಾವಿರ, ಹತ್ತು ಹಳೆಯ ಥಿನ್ ಕ್ಲೈಂಟ್ ಡಬ್ಬಿಗಳು ತಲಾ ಎರಡು ಸಾವಿರದ ಆಸುಪಾಸು. ಐದು ಟೇಬಲ್‌ಗಳಿಗೆ ನಮ್ಮ ಐ3ಗಳನ್ನೇ ಡಿಸ್ಕ್ ಕಿತ್ತು ಬಳಸಿದೆ. ಬಿಲ್ಲಿಂಗ್ ತಂತ್ರಾಂಶಕ್ಕೆ ವಿಂಡೋಸ್ ಬೇಕೇ ಬೇಕು. ಒಂಬತ್ತು ಜನರಿಗಷ್ಟೇ ಲೈಸೆನ್ಸ್ ಕೊಂಡೆ, ಒಂದೂಕಾಲು ಲಕ್ಷ ಅಲ್ಲೇ ಹೋಯಿತು. ಒಂದೇ ವಿಂಡೋಸಿಗೆ ಕಳ್ಳ ಪ್ಯಾಚ್ ಹಾಕಿ ಹತ್ತು ಜನರನ್ನು ಕೂರಿಸುವವರಿದ್ದಾರೆ. ನನಗೆ ಆ ಧೈರ್ಯವಿಲ್ಲ. ಉಳಿದವರು ಲಿನಕ್ಸ್‌ನಲ್ಲಿ. ಒಟ್ಟು ಎರಡೂವರೆ ಲಕ್ಷ ದಾಟಲಿಲ್ಲ.

ಮೊದಲ ದಿನವೇ ಪೆಟ್ಟು ಬಿತ್ತು. ಅರ್ಧ ಡಬ್ಬಿಗಳು ಏಳುತ್ತವೆ, ಅರ್ಧ ‘ಪಿಎಕ್ಸ್‌ಇ-ಇ53’ (ಏಳಲು ಬೇಕಾದ ಕಡತದ ಹೆಸರು ಸಿಗಲಿಲ್ಲ) ಎಂದು ನಿಲ್ಲುತ್ತವೆ. ಮರುಚಾಲನೆ ಮಾಡಿದರೆ ಎದ್ದದ್ದು ಮಲಗುತ್ತದೆ, ಮಲಗಿದ್ದು ಏಳುತ್ತದೆ. ಮಧ್ಯಾಹ್ನದವರೆಗೆ ಕೇಬಲ್‌ಗಳನ್ನೇ ಅನುಮಾನಿಸಿದೆ. ಕೊನೆಗೆ ನೋಡಿದರೆ ಬ್ರಾಡ್‌ಬ್ಯಾಂಡ್ ರೂಟರ್ ಕೂಡ ಸರ್ವರಿನ ಜೊತೆಗೆ ತನ್ನ ಪಾಡಿಗೆ ಐಪಿ ವಿಳಾಸ ಹಂಚುತ್ತಿತ್ತು, ಆದರೆ ಯಾವ ಕಡತದಿಂದ ಏಳಬೇಕೆಂದು ಹೇಳುತ್ತಿರಲಿಲ್ಲ. ಯಾರು ಮೊದಲು ಉತ್ತರಿಸಿದರೋ ಡಬ್ಬಿ ಅವರದು! ರೂಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಮುಚ್ಚಿದೆ, ಹದಿನೈದೂ ಎದ್ದವು.

ಹದಿನಾರನೆಯದು ಇಂದಿಗೂ ಮಾಮೂಲಿ ಪಿಸಿ. ಅಕೌಂಟೆಂಟರ ಜಿಎಸ್‌ಟಿ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಅನ್ನು ಸರ್ವರಿಗೇ ಚುಚ್ಚಿದರೂ ಟೇಬಲ್‌ನಿಂದ ತೆರೆದ ರಿಮೋಟ್ ಸೆಷನ್ನಿಗೆ ಅದು ಕಾಣುವುದಿಲ್ಲ. ಮೂರು ಸಂಜೆ ಗುದ್ದಾಡಿ ಕೈಬಿಟ್ಟೆ.

ನಡುವೆ ಡಬ್ಬಿಯ ಬದಲು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಹುಚ್ಚೂ ಹಿಡಿದಿತ್ತು. ಮಾನಿಟರ್ ಬೆನ್ನಿಗೆ ಅಂಟಿಸಿದರೆ ಚೆಂದ ಕಾಣುತ್ತಿತ್ತು, ಆದರೆ ಕರೆಂಟು ಹೋದಾಗಲೆಲ್ಲ ಮೆಮೊರಿ ಕಾರ್ಡಿನ ಆಯುಷ್ಯ ಮುಗಿಯುತ್ತಿತ್ತು. ಮೂರು ಕಾರ್ಡ್ ಸತ್ತ ಮೇಲೆ ಅದನ್ನು ಮಗಳಿಗೆ ಕೊಟ್ಟೆ. ಕನ್ನಡ ಕೀಲಿಮಣೆಯನ್ನು ಡಬ್ಬಿಯಲ್ಲೂ ಸರ್ವರಿನಲ್ಲೂ ಹಾಕಿದ್ದರಿಂದ ಅಕ್ಷರಗಳು ಕಲಸುಮೇಲೋಗರವಾದದ್ದು ಇನ್ನೊಂದು ಕಥೆ. ಸರ್ವರಿನಲ್ಲಿ ಮಾತ್ರ ಇಡಿ.

ಬ್ರೌಸರ್‌ಗಳು ರ‍್ಯಾಮ್ ನುಂಗದಂತೆ ಏನು ಮಾಡಿದೆ ಎಂದು ಎಲ್ಲರೂ ಕೇಳುತ್ತಾರೆ. ಅದು ನನ್ನ ಜೇಬಿನಲ್ಲೇ ಇರಲಿ.

ಒಂದೊಂದು ಟೇಬಲ್‌ಗೆ ಹಿಂದೆ ಎಪ್ಪತ್ತು ವ್ಯಾಟ್ ಬೇಕಿತ್ತು, ಈಗ ಡಬ್ಬಿಗೆ ಹನ್ನೆರಡು. ಸರ್ವರ್ ತಿನ್ನುವುದನ್ನು ಕಳೆದರೂ ತಿಂಗಳಿಗೆ ನೂರು ಯೂನಿಟ್ ಉಳಿಯುತ್ತದೆ. ಟೇಬಲ್‌ಗೊಂದು ಯುಪಿಎಸ್, ಎರಡು ವರ್ಷಕ್ಕೊಮ್ಮೆ ಅದಕ್ಕೆ ಹೊಸ ಬ್ಯಾಟರಿ ಎಂಬ ಪೀಡೆಯೂ ಹೋಯಿತು. ಎಲ್ಲಕ್ಕೂ ಒಂದೇ ಇನ್ವರ್ಟರ್.

ಈಗ ಸಾಹುಕಾರರೇ ಇದನ್ನು ಹರಿಹರದ ಗೋದಾಮಿಗೂ ಎಳೆಯಬಹುದೇ ಎಂದು ಕೇಳುತ್ತಿದ್ದಾರೆ. ಪರದೆ ಅಲ್ಲಿ ಚೆನ್ನಾಗಿಯೇ ಓಡುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮಾತ್ರ ಒಂದು ಸಾಲು ಹೊಡೆದು, ಉಸಿರು ತೆಗೆದುಕೊಂಡು, ಇನ್ನೊಂದು ಸಾಲು ಹೊಡೆಯುತ್ತದೆ. ಅದರ ಹಿಂದೆ ಬಿದ್ದಿದ್ದೇನೆ.