ಸಂಪಿನ ಗುಂಡು ಸರಿಯಿದ್ದರೆ ನೀರು ಗಟಾರಕ್ಕೆ ಹೋಗದು

ಹುಬ್ಬಳ್ಳಿಯ ನಮ್ಮ ಓಣಿಗೆ ಕೆಲವೊಮ್ಮೆ ನಡುರಾತ್ರಿ ನಳ ಬರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಯಾರದೋ ಸಂಪು ಉಕ್ಕಿ ಗಟಾರ ಸೇರಿರುತ್ತದೆ. ಸವದತ್ತಿ ಹತ್ತಿರದ ನವಿಲುತೀರ್ಥದಿಂದ ಇಲ್ಲಿವರೆಗೆ ಬಂದ ಮಲಪ್ರಭೆ ನೀರು! ಹೊಟ್ಟೆ ಉರಿಯುತ್ತದೆ. ಇದನ್ನು ತಡೆಯಲು ಒಂದು ಫ್ಲೋಟ್ ವಾಲ್ವ್, ಅಂದರೆ ತೇಲುವ ಗುಂಡಿರುವ ವಾಲ್ವ್ ಸಾಕು. ಕರೆಂಟೂ ಬೇಡ.

ವಾಲ್ವ್ ಅಂದರೆ ಪೈಪಿನ ಬಾಗಿಲು. ಅದನ್ನು ತೆರೆದು ಮುಚ್ಚುವ ಕೈಯೇ ಆಕ್ಚುಯೇಟರ್. ಓಣಿಯಲ್ಲಿ ವಾಲ್ವ್‌ಮನ್ ಉದ್ದನೆ ಕೀಲಿ ಹಾಕಿ ತಿರುಗಿಸುತ್ತಾರಲ್ಲ, ಆ ಕೆಲಸವನ್ನು ಮೋಟರಿನಿಂದಲೂ ಮಾಡಿಸಬಹುದು. ಕಾರ್ಖಾನೆಗಳಲ್ಲಿ ಒತ್ತಡದ ಗಾಳಿಯಿಂದ ಮಾಡಿಸುತ್ತಾರೆ. ವಾಷಿಂಗ್ ಮಷೀನಿನಲ್ಲಿ ಕರೆಂಟ್ ಹರಿದ ತಂತಿಸುರುಳಿ ಕಬ್ಬಿಣದ ಕಡ್ಡಿಯನ್ನು ಎಳೆದು ನೀರಿಗೆ ದಾರಿ ಬಿಡುತ್ತದೆ, ಕರೆಂಟ್ ಹೋದರೆ ಸ್ಪ್ರಿಂಗ್ ಮುಚ್ಚುತ್ತದೆ. ಸಂಪಿನಲ್ಲಿ ಆ ಕೈ, ತೇಲುವ ಗುಂಡು. ನೀರಿನ ಜೊತೆ ಅದು ಏರಿದಾಗ, ಅದಕ್ಕೆ ಜೋಡಿಸಿದ ಸರಳು ವಾಷರನ್ನು ಒತ್ತಿ ದಾರಿ ಮುಚ್ಚುತ್ತದೆ. ಸರಳು ಉದ್ದವಾದಷ್ಟೂ ಒತ್ತು ಜಾಸ್ತಿ. ಉದ್ದನೆ ಹಾರೆಗೆ ಕಲ್ಲು ಸಲೀಸಾಗಿ ಏಳುತ್ತದಲ್ವಾ, ಹಾಗೆ.

ಕೂರಿಸುವುದು ಹೀಗೆ. ನಳ ಬಾರದ ದಿನ ಮೀಟರ್ ಬಳಿಯ ವಾಲ್ವ್ ಬಂದ್ ಮಾಡಿ. ಪೈಪು ಅರ್ಧ ಇಂಚೋ ಮುಕ್ಕಾಲೋ ನೋಡಿ ಅದೇ ಅಳತೆಯ ವಾಲ್ವ್ ತನ್ನಿ. ಥ್ರೆಡ್ಡಿನ ತುದಿ ನಿಮ್ಮ ಕಡೆ ಇರಲಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಟೆಫ್ಲಾನ್ ಟೇಪ್ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಕೈಯಿಂದ ಬಿಗಿದು, ಆಮೇಲೆ ಪಾನಾ ಹಾಕಿ ಸ್ವಲ್ಪ ತಿರುಗಿಸಿ. ಪ್ಲಾಸ್ಟಿಕ್ ಥ್ರೆಡ್ಡಿಗೆ ಜಾಸ್ತಿ ಬಲ ಹಾಕಿದರೆ ಸೀಳುತ್ತದೆ. ಗುಂಡು ಗೋಡೆಗೆ ತಾಗಬಾರದು.

ಎತ್ತರದ ವಿಷಯದಲ್ಲಿ ಮಾತ್ರ ಅವಸರ ಬೇಡ. ಸಂಪು ತುಂಬಿದಾಗಲೂ ವಾಲ್ವಿನ ಬಾಯಿ ನೀರಿಗಿಂತ ನಾಲ್ಕು ಬೆರಳು ಮೇಲಿರಲಿ. ನಳ ನಿಂತ ಮೇಲೆ ಖಾಲಿಯಾಗುವ ಪೈಪು ನೀರನ್ನು ಹಿಂದಕ್ಕೆ ಎಳೆಯಬಹುದು. ಬಾಯಿ ಮುಳುಗಿದ್ದರೆ ನಮ್ಮ ಸಂಪಿನ ನೀರು ಓಣಿಯ ಪೈಪಿಗೆ ಹೋಗಿ, ಪಕ್ಕದ ಮನೆಯವರ ಕೊಡಕ್ಕೆ ಬೀಳುತ್ತದೆ. ಸದ್ದಾಗುತ್ತದೆ ಎಂದು ಕೆಲವರು ಬಾಯಿಗೆ ಪೈಪಿನ ತುಂಡು ಸಿಕ್ಕಿಸಿ ನೀರೊಳಗೆ ಇಳಿಬಿಡುತ್ತಾರೆ. ದಯವಿಟ್ಟು ಅದನ್ನು ತೆಗೆಯಿರಿ.

ನಳ ಬಂದಾಗ ಗುಂಡನ್ನು ಕೈಯಿಂದ ಎತ್ತಿ ನೋಡಿ. ನೀರು ಪೂರ್ತಿ ನಿಲ್ಲಬೇಕು. ಹನಿಯುತ್ತಿದ್ದರೆ ವಾಷರಿಗೆ ಮರಳು ಸಿಕ್ಕಿರಬಹುದು. ಬಿಚ್ಚಿ ತೊಳೆಯಿರಿ, ಗೀರು ಬಿದ್ದಿದ್ದರೆ ವಾಷರ್ ಬದಲಿಸಿ. ಗುಂಡನ್ನೂ ಬಿಚ್ಚಿ ಕಿವಿಯ ಹತ್ತಿರ ಅಲುಗಾಡಿಸಿ. ಒಳಗೆ ಗುಳುಗುಳು ಎಂದರೆ ಅದು ತೂತಾಗಿ ನೀರು ಕುಡಿದಿದೆ, ಇನ್ನು ತೇಲುವುದಿಲ್ಲ. ನಮ್ಮ ಮನೆಯಲ್ಲಿ ಆಗಿದ್ದು ಇದೇ. ಇಡೀ ವಾಲ್ವ್ ಬದಲಿಸಬೇಕಾಗಿಲ್ಲ. ಅಂಗಡಿಯಲ್ಲಿ ಬರೀ ಗುಂಡು ಕೇಳಿ, ಬೇರೆಯಾಗಿ ಕೊಡುತ್ತಾರೆ.